ತಿರುವು ದಾಟುವ ತನಕ

ಕ್ಯಾಂಪು: ಸಿಂಧನೂರು
12 ನವೆಂಬರ್ 2023

ಚಿರಂಜೀವಿ ಶಿವದೇವಿಗೆ ನಿನ್ನ ತಂದೆ ಹಂಪಯ್ಯನ ಆಶೀರ್ವಾದ.

ಇಲ್ಲಿ ಎಲ್ಲ ಕ್ಷೇಮ. ಕ್ಷೇಮವೆಂದರೆ ಎಂಥ ಕ್ಷೇಮ, ಮಗಳೇ! ಮೂರನೇ ಗಂಟೆ ಬಾರಿಸಿ ಪರದೆ ಎದ್ದರೆ ಸಾಕು, ಶರಣಬಸಮ್ಮನ ನಾಟಕ ಕಂಪನಿಯ ತಗಡಿನ ಥೇಟರು ಗಡಗಡ ನಡುಗುತ್ತದೆ. ಖಳರಾಜ ಮೀಸೆ ತಿರುವಿ ಒಂದು ಮಾತು ಒಗೆದರೆ, ಕಡೆಯ ಸಾಲಿನಲ್ಲಿ ನಿದ್ದೆ ಹೋದ ಕೂಸು ಎದ್ದು ಅಳುತ್ತದೆ. ಆಮೇಲೆ ಸಿಳ್ಳೆ! ಚಪ್ಪಾಳೆ! ‘ಒನ್ಸ್‌ಮೋರ್!’

‘ಅಪ್ಪ ಯಾಕ ಫೋನ್ ಎತ್ತವಲ್ಲ?’ ಎಂದು ನಿನ್ನ ಚಿಗವ್ವ ಬಂಡೆಮ್ಮನ ಮುಂದೆ ಗೊಣಗಿದೆಯಂತೆ. ಎತ್ತುವುದಿಲ್ಲ! ಸಾವಿರ ಜನರ ಹಿಂದೆ ನಿಂತ ಚಹಾದವನಿಗೂ ಮುಟ್ಟುವಂತೆ ಮಾತಾಡಿದವನು ನಾನು. ಆ ದನಿಯನ್ನು ಅಂಗೈಯಗಲದ ಡಬ್ಬಿಗೆ ತುರುಕಲಾರೆ. ನಮ್ಮ ಹೊಸ ನಟ ಗುರುಶಾಂತ, ‘ಮೆಸೇಜ್ ಹಾಕ್ತೀನ್ರಿ ಕಾಕಾ, ನೀವು ಹೇಳ್ರಿ ಸಾಕು’ ಅಂತಾನೆ. ಅದೂ ಬೇಡ. ಕಿವಿಗೊಟ್ಟು ಕೇಳು: ಬೆರಳಲ್ಲಿ ಕುಟ್ಟಿದ ಅಕ್ಷರ ಹಂಪಯ್ಯನದಲ್ಲ. ನನ್ನ ಹೆಸರಿನಲ್ಲಿ ಯಾರು ಏನೇ ಕುಟ್ಟಿ ಕಳಿಸಿದರೂ ನಂಬಬೇಡ. ನನ್ನ ಕೈಬರಹ ಬಂದರೆ ಮಾತ್ರ ನಾನು ಬಂದೆ ಎಂದು ತಿಳಿ.

ನೀನು ಓಡಿಸುವ ಆ ನೀರಕುದುರೆಯ ಸಂಗತಿ ಬರೆ. ಪೇಪರಿನಲ್ಲಿ ನಿನ್ನ ಚಿತ್ರ ನೋಡಿ ಮಾಲಕಿ ಶರಣಬಸಮ್ಮ, ‘ಇದು ನಿಮ್ಮ ಹುಡುಗೀನ ಏನ್ರಿ, ಹಲ್ಲು ಕಚ್ಚಿದ್ದು ಥೇಟ್ ನಿಮ್ಮಂಗ!’ ಎಂದಳು. ಎದೆ ಇಷ್ಟಗಲ ಆಯಿತು.

ನಿನ್ನ ಅಪ್ಪ
ಹಂಪಯ್ಯ



ಕುಷಾಯಿಗೂಡ, ಹೈದರಾಬಾದ್
26 ನವೆಂಬರ್ 2023

ಅಪ್ಪಾ,

ಇಲ್ಲೂ ಕ್ಷೇಮ. ಪತ್ರವೇ ಆಗಲಿ. ಈಚೆಗೆ ಫೋನು ನನಗೂ ಬೇಡವಾಗಿದೆ, ಯಾಕೆ ಎಂದು ಕೇಳಬೇಡ.

ನೀನು ನನ್ನ ಒಂದು ರೇಸನ್ನೂ ನೋಡಿಲ್ಲ. ನಮ್ಮ ರೇಸಿನ ಕಾಲವೂ ನಿನ್ನ ನಾಟಕದ ಕಾಲವೂ ಒಂದೇ ಆಗಿ ಹೋಯಿತು. ನೀರಕುದುರೆಯ ಹೆಸರು ಜೆಟ್ ಸ್ಕೀ. ಮೋಟರ್ ಸೈಕಲ್ಲಿನ ಹಾಗೆ ಕೂರುವುದು, ಆದರೆ ಚಕ್ರವಿಲ್ಲ. ಹೊಟ್ಟೆಯಡಿಯಿಂದ ನೀರು ಹೀರಿ ಹಿಂದಕ್ಕೆ ಉಗುಳುತ್ತದೆ. ಉಗುಳಿದ ರಭಸಕ್ಕೆ ಮುಂದಕ್ಕೆ ಹಾರುತ್ತದೆ. ಭಾನುವಾರ ಗಚ್ಚಿಬೌಲಿಯ ಆಫೀಸುಗಳವರು ಹುಸೇನ್ ಸಾಗರಕ್ಕೆ ಬಂದು ನನ್ನ ಹಿಂದೆ ಕೂತು ಸವಾರಿ ಮಾಡುತ್ತಾರೆ. ಮೊನ್ನೆ ಮೈಸೂರಿನವರೊಬ್ಬರು, ‘ಮೇಡಂ, ಇದಕ್ಕೆ ಬ್ರೇಕ್ ಎಲ್ಲಿದೆ?’ ಎಂದರು.

‘ಇಲ್ರಿ ಸರ್.’

‘ಮತ್ತೆ ನಿಲ್ಲೋದು ಹೇಗೆ?’

‘ಅದಕ್ಕ ಮನಸ್ಸು ಬಂದಾಗ ನಿಲ್ಲತೈತ್ರಿ.’

ಇಳಿಯುವವರೆಗೆ ನನ್ನ ಸೊಂಟ ಬಿಡಲಿಲ್ಲ ಪುಣ್ಯಾತ್ಮ!

ನಗಬೇಡ. ನಿಜವಾದ ಅಪಾಯ ಬ್ರೇಕ್ ಇಲ್ಲದ್ದಲ್ಲ. ನೀರು ಉಗುಳುವ ಬಾಯಿ ಹೊರಳಿದರೆ ಮಾತ್ರ ಗಾಡಿ ತಿರುಗುತ್ತದೆ. ಹೆದರಿ ಥ್ರಾಟಲ್, ಅಂದರೆ ಬೆರಳಲ್ಲಿ ಒತ್ತುವ ವೇಗದ ಹಿಡಿಕೆ, ಬಿಟ್ಟೆವೋ, ಉಗುಳುವುದೇ ನಿಂತಿತು; ಹ್ಯಾಂಡಲ್ ಎಷ್ಟು ತಿರುವಿದರೂ ಗಾಡಿ ಮುಖವಿದ್ದ ಕಡೆಗೇ ನೇರ ಹೋಗಿ ಬಡಿಯುತ್ತದೆ. ನಮ್ಮ ಕೆರೆಯಲ್ಲಿ ದೂರದ ತಿರುವಿನ ಎದುರಿಗೇ ಕಲ್ಲಿನ ದಂಡೆ. ಅಲ್ಲಿ ಹೆದರಿಕೆಯಾದಾಗಲೇ ಹೆಚ್ಚು ಒತ್ತಬೇಕು. ತಿರುವು ದಾಟಿದ ಮೇಲೆಯೇ ಕೈ ಸಡಿಲಿಸಬೇಕು.

ರೇಸಿನಲ್ಲಿ ಮಾತಿಲ್ಲ, ಬಾವುಟವೇ ಮಾತು. ಹಸಿರು ಕಂಡರೆ ಹೊರಡು. ಕೆಂಪು ಕಂಡರೆ ಆಟ ಮುಗಿಯಿತು, ಮುಂದಿರುವವರೂ ಹಿಂದಿರುವವರೂ ಕೈ ಬಿಡಬೇಕು.

ಹೋದ ತಿಂಗಳು ವಿಶಾಖಪಟ್ಟಣದಲ್ಲಿ ಒಮ್ಮೆ ಬಿದ್ದೆ. ಎಡಗಿವಿಗೆ ಸ್ವಲ್ಪ ನೀರು ಹೋಗಿದೆ. ಅಷ್ಟೇ.

ಶಿವದೇವಿ



ಕ್ಯಾಂಪು: ಸಿಂಧನೂರು
10 ಡಿಸೆಂಬರ್ 2023

ಮಗಳೇ,

ನಿನ್ನ ಪತ್ರವನ್ನು ಬಣ್ಣದ ಮನೆಯಲ್ಲಿ ಗುರುಶಾಂತನ ಕೈಯಲ್ಲಿ ಗಟ್ಟಿಯಾಗಿ ಓದಿಸಿದೆ. ಬ್ರೇಕಿಲ್ಲದ ಗಾಡಿ! ಅರ್ಧ ಬಣ್ಣ ಬಳಿದುಕೊಂಡವರೆಲ್ಲ ಬಾಯಿ ತೆರೆದು ಕೂತರು. ಕಿವಿಗೆ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡು, ಮೂರು ದಿನದಲ್ಲಿ ಸರಿಹೋಗುತ್ತದೆ.

ನನ್ನ ಅಂಗೈ ತುಂಬ ಬೊಬ್ಬೆ ಎದ್ದಿದೆ, ಅದಕ್ಕೇ ಅಕ್ಷರ ಓರೆ. ಗದೆ ಹಿಡಿದೂ ಹಿಡಿದೂ ಹೀಗಾಗಿದೆ ಅಂದುಕೋ.

ಒಂದು ಸಂಗತಿ ಹೇಳಲೇಬೇಕು. ನಮ್ಮಲ್ಲಿ ಪರದೆ ಎಳೆಯುವ ಮುದುಕನೊಬ್ಬ ಇದ್ದಾನೆ. ಪಕ್ಕದಲ್ಲಿ ಹಗ್ಗ ಹಿಡಿದು ನಿಲ್ಲುತ್ತಾನೆ, ಅವನ ಮುಖ ಯಾರಿಗೂ ಕಾಣುವುದಿಲ್ಲ. ಮೊನ್ನೆ ಗುರುಶಾಂತ ದೊಡ್ಡ ಸಂಭಾಷಣೆ ಹೊಡೆಯುತ್ತಿದ್ದಾಗ ಅವನ ಮೊಣಕಾಲು ಒಮ್ಮೆ ಅದುರಿತು. ಜನರಿಗೆ ಅದೂ ಅಭಿನಯವೇ! ಮುದುಕನಿಗೆ ಮಾತ್ರ ಹುಡುಗ ಜ್ವರದಲ್ಲಿ ಬೀಳುತ್ತಾನೆ ಎಂದು ತಿಳಿಯಿತು. ಹಾಗಂತ ಕೂಡಲೇ ಹಗ್ಗ ಬಿಡಲಿಲ್ಲ. ನಡುಮಾತಿನಲ್ಲಿ ಬಿಟ್ಟರೆ ಜನ ಕಲ್ಲು ತೂರುತ್ತಾರೆ. ಮಾತಿನ ಕೊನೆಯ ಅಕ್ಷರ ಬಿದ್ದದ್ದೇ ತಡ, ಧಡಾರ್! ಪರದೆ ಕೆಳಗೆ! ಪರದೆಯ ಆಚೆ ಚಪ್ಪಾಳೆ, ಈಚೆ ಹುಡುಗ ಮುದುಕನ ತೋಳಿನಲ್ಲಿ.

ಅವನ ಹೆಸರೇನು ಎಂದು ಕೇಳಬೇಡ. ಪರದೆ ಎಳೆಯುವವನಿಗೆ ಹೆಸರಿರುವುದಿಲ್ಲ.

ನಿನ್ನ ಅಪ್ಪ



ಕುಷಾಯಿಗೂಡ
4 ಜನವರಿ 2024

ಅಪ್ಪಾ,

ಇಲ್ಲಿ ಕ್ಷೇಮ. ಸುದ್ದಿ ದೊಡ್ಡದು. ಫೆಬ್ರವರಿ ಹನ್ನೊಂದು, ಭಾನುವಾರ, ಹುಸೇನ್ ಸಾಗರದಲ್ಲಿ ಕೊನೆಯ ರೇಸು. ಅದರಲ್ಲಿ ಮೊದಲು ಬಂದ ಹೆಂಗಸಿಗೆ ದೇಶದ ಹೆಸರು ಬರೆದ ಅಂಗಿ ತೊಟ್ಟು ಥಾಯ್ಲೆಂಡಿಗೆ ಹೋಗುವ ಅವಕಾಶ. ಒಬ್ಬಳಿಗೆ ಮಾತ್ರ. ಈವರೆಗಿನ ಅಂಕಗಳಲ್ಲಿ ನಾನೇ ಮುಂದೆ.

ಇದು ತಪ್ಪಿದರೆ ಮತ್ತೆ ಬರುವುದಿಲ್ಲ. ಕ್ಲಬ್ಬಿನವರು ಮುಂದಿನ ವರ್ಷ ನನ್ನ ಗಾಡಿಯನ್ನು ಇಪ್ಪತ್ತರ ಹುಡುಗಿಯೊಬ್ಬಳಿಗೆ ಕೊಡುವವರಿದ್ದಾರೆ. ನನಗೆ ಹೇಳಿಲ್ಲ, ಅವಳ ಅಳತೆಗೆ ಸೀಟು ಹೊಲಿಸುತ್ತಿರುವುದನ್ನು ನೋಡಿದೆ. ದೋಣಿ ಒರೆಸುವ ಕೆಲಸಕ್ಕೆಂದು ಈ ಕೆರೆಗೆ ಬಂದವಳು ನಾನು. ಮತ್ತೆ ಅದೇ ಒರೆಸುವ ಬಟ್ಟೆ ಹಿಡಿಯಲಾರೆ.

ಈ ಸಲ ಹೆದರಿಕೆ ಆಗುತ್ತಿದೆ, ಅಪ್ಪಾ. ಯಾಕೆ ಎಂದು ಮುಂದಿನ ಪತ್ರದಲ್ಲಿ ಬರೆಯುತ್ತೇನೆ.

ಶಿವದೇವಿ



ಕುಷಾಯಿಗೂಡ
20 ಜನವರಿ 2024

ಅಪ್ಪಾ,

ಇಲ್ಲಿ ಕ್ಷೇಮವಿಲ್ಲ.

ಕಿವಿಗೆ ನೀರು ಹೋದದ್ದಲ್ಲ. ವಿಶಾಖಪಟ್ಟಣದಲ್ಲಿ ಬಿದ್ದಾಗ ನೀರು ಕಪಾಳಕ್ಕೆ ಹಲಗೆಯಂತೆ ಬಡಿದು ಎಡಗಿವಿಯ ತಮಟೆ ಹರಿದುಹೋಗಿದೆ. ಆ ಕಿವಿಯಲ್ಲಿ ಈಗ ಏನೂ ಇಲ್ಲ. ಇಂಜಿನ್ ಸದ್ದಿಗೆ ಬಲಗಿವಿಯೂ ಅರ್ಧ ಸವೆದಿದೆ. ಫೋನು ಬೇಡ ಎಂದದ್ದು ಅದಕ್ಕೆ. ಜನ ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ಹೇಗೋ ತಿಳಿದುಕೊಳ್ಳುತ್ತೇನೆ, ಯಾರಿಗೂ ಗೊತ್ತಾಗಿಲ್ಲ.

ಕೇಳದಿದ್ದರೆ ಕೇಳದಿರಲಿ! ಅದಕ್ಕಲ್ಲ ನಾನು ಹೆದರಿದ್ದು. ಆ ತೂತಿನಿಂದ ತಣ್ಣೀರು ಒಳಗೆ ಹೋದರೆ ತಲೆಯೊಳಗೆ ಲೋಕ ಗಿರಗಿರ ತಿರುಗುತ್ತದೆ. ಮೇಲೆ ಯಾವುದು, ಕೆಳಗೆ ಯಾವುದು, ಗೊತ್ತಾಗುವುದಿಲ್ಲ. ಮೊನ್ನೆ ಅಭ್ಯಾಸದಲ್ಲಿ ಬಿದ್ದವಳು ಮೇಲಕ್ಕೆ ಬರಲೆಂದು ಕೆರೆಯ ತಳದ ಕಡೆಗೆ ಈಜಿದೆ. ಕೈಗೆ ಕೆಸರು ಸಿಕ್ಕಿತು. ಮೆಕ್ಯಾನಿಕ್ ಸೂರಜ್ ಹಾರಿ ಜಾಕೆಟ್ ಹಿಡಿದು ಎಳೆಯದಿದ್ದರೆ ಈ ಪತ್ರ ಇರುತ್ತಿರಲಿಲ್ಲ. ನಾರಾಯಣಗೂಡದ ಡಾಕ್ಟರು, ‘ಇನ್ನೊಂದು ಸಲ ಇಳಿದರೆ ನಾನು ಹೊಣೆಯಲ್ಲ’ ಎಂದರು. ಸೂರಜ್ ಕೈಮುಗಿದು, ‘ವದ್ದು ಅಕ್ಕಾ, ವದ್ದು’ ಅಂತಾನೆ. ಬೇಡವಂತೆ! ಎಲ್ಲರಿಗೂ ಬೇಡ ಎನ್ನುವುದು ಎಷ್ಟು ಸುಲಭ. ಯಾರಿಗೂ ಹೇಳದಂತೆ ಅವನ ಬಾಯಿಗೆ ಆಣೆ ಇಟ್ಟಿದ್ದೇನೆ.

ಕಿವಿಗೆ ಹತ್ತಿ ತುರುಕಿ, ಮೇಲೆ ಮೇಣ ಮೆತ್ತಿ ಇಳಿಯಬಹುದು. ಮೇಣ ಹಿಡಿದರೆ ಥಾಯ್ಲೆಂಡ್. ಬಿಟ್ಟರೆ ಕೆಸರು.

ಅಪ್ಪಾ, ನನ್ನಿಂದ ನಿರ್ಧಾರ ಆಗುತ್ತಿಲ್ಲ. ನಾನು ಯಾರ ಮಾತಿಗೂ ನಿಂತವಳಲ್ಲ, ನಿನ್ನ ಮಾತಿಗೆ ನಿಲ್ಲುತ್ತೇನೆ. ಬೇಡ ಅಂದರೆ ಬಿಡುತ್ತೇನೆ. ಹೋಗು ಅಂದರೆ ಹೋಗುತ್ತೇನೆ. ಒಂದು ಸಾಲು ಸಾಕು. ನಿನ್ನ ಕೈಯಲ್ಲಿ ಬರೆ.

ಶಿವದೇವಿ



ಕ್ಯಾಂಪು: ಸಿರವಾರ
26 ಜನವರಿ 2024

ಮಗಳೇ! ನನ್ನ ಸಿಂಹದ ಮರಿಯೇ!

ಇಲ್ಲಿ ಎಲ್ಲ ಕ್ಷೇಮ. ಸಂಕ್ರಾಂತಿ ಮುಗಿಸಿ ಸಿಂಧನೂರಿನ ಥೇಟರು ಬಿಚ್ಚಿ ಈಗ ಸಿರವಾರದಲ್ಲಿ ಕಟ್ಟಿದ್ದೇವೆ. ಕಂಬ ಹುಗಿಯುವುದು, ತಗಡು ಹೊಡೆಯುವುದು, ಈ ಗದ್ದಲದಲ್ಲಿ ಉತ್ತರ ತಡವಾಯಿತು. ಹಳೆಯ ಊರಿಗೆ ಬಂದ ಟಪಾಲನ್ನು ಅಲ್ಲಿನ ಪಾನಂಗಡಿಯವನು ಕೂಡಿಸಿಟ್ಟು, ಯಾರಾದರೂ ಈ ಕಡೆ ಬರುವಾಗ ಕಳಿಸುತ್ತಾನೆ. ಇನ್ನು ಮುಂದೆ ಸಿರವಾರಕ್ಕೇ ಬರೆ.

ಹೆದರಿಕೆ ಆಗುತ್ತಿದೆ ಎಂದು ಬರೆದಿದ್ದೀಯ. ನೀನಾ? ಹಂಪಯ್ಯನ ಮಗಳಾ? ಬಣ್ಣ ಹಚ್ಚಿ, ಮೂರನೇ ಗಂಟೆ ಬಾರಿಸಿದ ಮೇಲೆ ಹಿಂದಕ್ಕೆ ಸರಿದ ನಟನನ್ನು ನಾನು ಕಂಡಿಲ್ಲ! ಹೆದರಿದಾಗಲೇ ಹೆಚ್ಚು ಒತ್ತಬೇಕು ಎಂದವಳು ನೀನೇ ಅಲ್ಲವೇ? ಒತ್ತು! ಕೈ ಬಿಡಬೇಡ! ಕೆರೆಯೇ ನಿನ್ನ ರಂಗ, ದಂಡೆಯ ಜನವೆಲ್ಲ ನಿನ್ನ ಪ್ರೇಕ್ಷಕರು. ಹೋಗು, ಗೆದ್ದು ಬಾ!

ನಿನ್ನ ಅಪ್ಪ
ಹಂಪಯ್ಯ



ಕುಷಾಯಿಗೂಡ
31 ಜನವರಿ 2024

ಅಪ್ಪಾ,

ನಿನ್ನ ಉತ್ತರ ಬಂತು. ನಿನ್ನದೇ ಕೈಬರಹ.

ಮೂರು ಸಲ ಓದಿದೆ. ಕಿವಿಯ ಬಗ್ಗೆ ಒಂದು ಮಾತಾದರೂ ಬರೆಯುತ್ತೀ ಅಂದುಕೊಂಡಿದ್ದೆ. ಉಪ್ಪಿನ ಶಾಖವಾದರೂ ಹೇಳುತ್ತೀ ಎಂದು. ಇರಲಿ. ನಿನಗೆ ಮಗಳಿಗಿಂತ ನಟಿ ದೊಡ್ಡವಳು, ಅದು ನನಗೆ ಗೊತ್ತಿರಬೇಕಿತ್ತು. ಅವ್ವ ಸತ್ತ ದಿನವೂ ನೀನು ಬಣ್ಣ ತೊಳೆದದ್ದು ಆಟ ಮುಗಿದ ಮೇಲೆಯೇ.

ಸಿಟ್ಟಿಲ್ಲ. ಕೇಳಿದವಳು ನಾನು, ಹೇಳಿದವನು ನೀನು. ಹೋಗು ಅಂದಿದ್ದೀಯ, ಹೋಗುತ್ತೇನೆ. ಹತ್ತಿ, ಮೇಣ ತಂದಿಟ್ಟಿದ್ದೇನೆ. ಹನ್ನೊಂದನೇ ತಾರೀಕು ಮಧ್ಯಾಹ್ನ ನಿನ್ನ ನಾಟಕ ಇರುವುದಿಲ್ಲವಲ್ಲ, ಒಂದು ಗಳಿಗೆ ನನ್ನನ್ನು ನೆನೆಸಿಕೋ.

ಶಿವದೇವಿ



ಕ್ಯಾಂಪು: ಸಿರವಾರ
10 ಫೆಬ್ರವರಿ 2024

ಮಗಳೇ,

ಯಾವ ಉತ್ತರ? ಯಾವ ಕಿವಿ? ನಿನ್ನೆ ನಿನ್ನ ಪತ್ರ ಬಂದಾಗಿನಿಂದ ಹುಚ್ಚನಂತೆ ತಿರುಗಿದೆ. ಇಂದು ಬೆಳಿಗ್ಗೆ ಸಿಂಧನೂರಿನ ಸಾಮಾನಿನ ಲಾರಿಯಲ್ಲಿ ಪಾನಂಗಡಿಯವನ ಕಟ್ಟು ಬಂತು. ಅದರೊಳಗೆ ನಿನ್ನ ಇಪ್ಪತ್ತನೇ ತಾರೀಕಿನ ಪತ್ರ.

ಅಯ್ಯೋ! ನಾನು ಉತ್ತರ ಬರೆದದ್ದು ಇದಕ್ಕಲ್ಲ! ಹಿಂದಿನದಕ್ಕೆ! ನಿನ್ನ ಹೆದರಿಕೆಯನ್ನು ನಾನು ಬಣ್ಣದ ಮನೆಯ ಹೆದರಿಕೆ ಅಂದುಕೊಂಡೆ. ಇಳಿಯಬೇಡ! ನನ್ನ ಕೈಬರಹದಲ್ಲಿ ಬರೆಯುತ್ತಿದ್ದೇನೆ, ಇಳಿಯಬೇಡ, ಇಳಿಯಬೇಡ!

ನಾಳೆಯೇ ಭಾನುವಾರ, ಅಷ್ಟರೊಳಗೆ ಈ ಕಾಗದ ನಿನ್ನನ್ನು ಮುಟ್ಟುವುದಿಲ್ಲ ಎಂದು ಗೊತ್ತು. ಗುರುಶಾಂತನ ಫೋನಿನಿಂದ ನಾನೇ ಕರೆ ಮಾಡಿದೆ. ‘ಹಲೋ, ಯಾರು? ಜೋರಾಗಿ ಮಾತಾಡ್ರಿ, ಏನೂ ಕೇಳಸವಲ್ದು’ ಎಂದೆ ನೀನು. ನಾನು ಮಾತಾಡಿದೆ, ಮಗಳೇ. ಇದ್ದ ಉಸಿರನ್ನೆಲ್ಲ ಹಾಕಿ ಮಾತಾಡಿದೆ.

ಇನ್ನು ಮುಚ್ಚಿಡಲಾರೆ. ನನ್ನ ದನಿ ಇಲ್ಲ. ಹೋದ ಮಳೆಗಾಲದಲ್ಲಿ ಗಂಟಲಿನ ಗಡ್ಡೆ ಕೊಯ್ದು ತೆಗೆದರು, ಅದರ ಜೊತೆಗೆ ದನಿಯೂ ಹೋಯಿತು. ಕೊರಳಲ್ಲಿ ತೂತಿದೆ, ಅದರಿಂದ ಗಾಳಿ ಬರುತ್ತದೆ, ಮಾತು ಬರುವುದಿಲ್ಲ. ಖಳರಾಜನ ಪಾತ್ರ ಈಗ ಗುರುಶಾಂತನದು. ಪರದೆ ಎಳೆಯುವ ಮುದುಕ ನಾನೇ. ಬೊಬ್ಬೆ ಗದೆಯದ್ದಲ್ಲ, ಹಗ್ಗದ್ದು. ನನ್ನ ಅಬ್ಬರವನ್ನೇ ಅಪ್ಪ ಎಂದು ಬಲ್ಲವಳು ನೀನು. ಗಾಳಿ ಊದುವ ಅಪ್ಪನನ್ನು ನಿನಗೆ ಹೇಗೆ ತೋರಿಸಲಿ?

ಗುರುಶಾಂತನೇ ಫೋನು ಕಸಿದು ಕೂಗಿದ. ‘ರೇಸ್ ಆದಮ್ಯಾಲೆ ಮಾಡ್ರಿ’ ಎಂದು ನೀನು ಇಟ್ಟುಬಿಟ್ಟೆ. ಬಂಡೆಮ್ಮನ ಫೋನು ಬಂದ್ ಆಗಿದೆ. ಮೆಸೇಜು ಕುಟ್ಟಿಸಿದೆ. ಕುಟ್ಟಿಸುವಾಗಲೇ ನೆನಪಾಯಿತು, ಕುಟ್ಟಿದ ಅಕ್ಷರ ನಂಬಬೇಡ ಎಂದು ನಾನೇ ಬರೆದಿದ್ದೆ!

ಈ ಕಾಗದ ಟಪಾಲಿಗೆ ಹಾಕಿ ನಾನು ಬಸ್ಸು ಹತ್ತುತ್ತೇನೆ. ಸಾಗರದ ದಂಡೆಯಲ್ಲಿ ನಿಂತು ಕೂಗಲು ನನ್ನಲ್ಲಿ ದನಿಯಿಲ್ಲ, ಕೇಳಲು ನಿನ್ನಲ್ಲಿ ಕಿವಿಯಿಲ್ಲ. ಆದರೆ ಕಂಪನಿಯ ಮುಂಪರದೆಯ ಬಣ್ಣ ಕೆಂಪು.

ಅಪ್ಪ



ಕುಷಾಯಿಗೂಡ
13 ಫೆಬ್ರವರಿ 2024

ಅಪ್ಪಾ,

ನಾನು ಮುಂದಿದ್ದೆ. ಇದನ್ನು ಮೊದಲು ಓದು, ಆಮೇಲೆ ಉಳಿದದ್ದು. ನಾನು ಎಲ್ಲರಿಗಿಂತ ಮುಂದಿದ್ದೆ.

ಕೊನೆಯ ಸುತ್ತು. ಮೇಣ ಎರಡನೇ ಸುತ್ತಿಗೇ ಬಿಟ್ಟಿತ್ತು, ಲೋಕ ತಿರುಗುತ್ತಿತ್ತು. ಆದರೂ ಒತ್ತಿದೆ. ದಾರಿ ತೋರಿಸಲು ನೀರಿನಲ್ಲಿ ತೇಲಿಬಿಟ್ಟ ಕೆಂಪು ಚೆಂಡು, ಹಳದಿ ಚೆಂಡು, ಕಲ್ಲಿನ ದಂಡೆ, ಎಲ್ಲ ಎರಡೆರಡು ಕಾಣುತ್ತಿದ್ದವು. ನಡುವಿನಲ್ಲಿ ತೂರಿ ದೂರದ ತಿರುವು ದಾಟಿದೆ. ಇನ್ನು ಉಳಿದದ್ದು ನೇರದಾರಿ ಮಾತ್ರ. ಆಗ ಗ್ಯಾಲರಿಯ ಮೇಲಿಂದ ಆಕಾಶವೇ ಹರಿದು ಬಿದ್ದಂತೆ ಅಷ್ಟಗಲ ಕೆಂಪು ಇಳಿಯಿತು. ಎಲ್ಲರೂ ಕೈಬಿಟ್ಟರು. ನನ್ನ ಕೈ ಕೂಡ ತಾನಾಗಿ ಬಿಟ್ಟಿತು. ಅದೇ ಅಭ್ಯಾಸ.

ಗಾಡಿ ನಿಂತದ್ದೇ ತಡ, ನಾನು ಪಕ್ಕಕ್ಕೆ ಉರುಳಿದೆನಂತೆ. ನನಗೆ ನೆನಪಿಲ್ಲ. ಕಾವಲು ದೋಣಿ ಬಂದು ಎತ್ತಿತು. ಕಿವಿಯ ಹತ್ತಿ ತೆಗೆದಾಗ ರಕ್ತ ಕಂಡು ರೇಸಿನ ಡಾಕ್ಟರು ಅಧಿಕಾರಿಗಳನ್ನು ಕರೆದರು. ಗಾಯ ಮುಚ್ಚಿಟ್ಟು ಇಳಿದದ್ದಕ್ಕೆ ನನ್ನ ಹೆಸರು ಹೊಡೆದುಹಾಕಿದರು. ರೇಸನ್ನು ಮತ್ತೆ ನಡೆಸಿದರು. ಗೆದ್ದವಳು ಆ ಇಪ್ಪತ್ತರ ಹುಡುಗಿ.

ಗುರುಶಾಂತನ ನಂಬರಿನಿಂದ ‘ಇಳಿಯಬೇಡ’ ಎಂದು ಮೆಸೇಜು ಬಂದಿತ್ತು. ಯಾರೋ ನನ್ನನ್ನು ಹಿಂದಕ್ಕೆ ಎಳೆಯುತ್ತಿದ್ದಾರೆ ಅಂದುಕೊಂಡೆ. ನಿನ್ನ ಕೈಬರಹದಲ್ಲಿ ಒತ್ತು ಎಂದಿತ್ತಲ್ಲ! ಹೋಗು ಎಂದವನೂ ನೀನೇ, ಪರದೆ ಬಿಟ್ಟವನೂ ನೀನೇ. ಇದು ಯಾವ ನಾಟಕ, ಅಪ್ಪಾ?

ದಂಡೆಯಲ್ಲಿ ನಿನ್ನನ್ನು ಹಿಡಿದು ಅಲುಗಾಡಿಸಿ, ‘ಯಾಕ ಮಾಡಿದಿ? ಮಾತಾಡೋ, ಮಾತಾಡು!’ ಎಂದು ಅರಚಿದೆ. ನೀನು ಕೊರಳಿಗೆ ಮಫ್ಲರ್ ಸುತ್ತಿ ನಿಂತಿದ್ದೆ. ನಿನ್ನ ಬಾಯಿ ತೆರೆಯಿತು. ತುಟಿ ಆಡಿತು. ಕತ್ತಿನ ನರ ಉಬ್ಬಿತು. ಅಷ್ಟು ಜೋರಾಗಿ ನೀನು ಏನೋ ಹೇಳುತ್ತಿದ್ದೆ, ನನಗೆ ಒಂದಕ್ಷರ ಕೇಳಲಿಲ್ಲ. ಕಣ್ಣಲ್ಲಿ ನೀರಿತ್ತು, ತುಟಿ ಓದಲೂ ಆಗಲಿಲ್ಲ. ಸುತ್ತ ಜನರ ಗದ್ದಲ ಬಲಗಿವಿಗೆ ಕೇಳುತ್ತಿದೆ, ಕಾಗೆ ಕೂಗಿದ್ದು ಕೇಳುತ್ತಿದೆ. ನಿನ್ನ ದನಿ ಮಾತ್ರ ಇಲ್ಲ. ಸಾವಿರ ಜನರ ಹಿಂದಿನ ಚಹಾದವನಿಗೆ ಮುಟ್ಟುತ್ತಿದ್ದ ದನಿ! ದೇವರು ನನ್ನ ಕಿವಿಯಲ್ಲಿ ಬೇಕಾದ್ದನ್ನೇ ಆರಿಸಿ ಕಿತ್ತುಕೊಂಡ ಎನಿಸಿತು. ಆ ಹೆದರಿಕೆಗೇ ‘ನನ್ನ ಕಣ್ಣಮುಂದ ನಿಲ್ಲಬ್ಯಾಡ, ಹೋಗು’ ಎಂದೆ.

ನೀನು ಪರದೆ ಮಡಿಚಿ ತಲೆಯ ಮೇಲೆ ಹೊತ್ತುಕೊಂಡು ಹೋಗಿಯೇಬಿಟ್ಟೆ.

ಶಿವದೇವಿ



ಸಿರವಾರ, ಬಸ್‌ಸ್ಟ್ಯಾಂಡು
19 ಫೆಬ್ರವರಿ 2024

ಮಗಳೇ,

ನಿನ್ನ ಪತ್ರ ಗುರುಶಾಂತ ಇಲ್ಲಿಗೇ ತಂದುಕೊಟ್ಟ. ಕಂಪನಿಯಲ್ಲಿ ನಾನಿಲ್ಲ. ಕೇಳದೆ ಪರದೆ ಒಯ್ದದ್ದಕ್ಕೆ ಎರಡು ದಿನ ಆಟ ನಿಂತಿತ್ತು. ‘ನಾಟಕದಾಗ ಪರದೀನ ಮರ್ಯಾದಿ. ಅದನ್ನ ಊರೂರು ಹೊತ್ಕೊಂಡು ಹೋದ್ರಿ ನೀವು’ ಎಂದು ಶರಣಬಸಮ್ಮ ಅತ್ತಳು. ತಪ್ಪು ಅವಳದಲ್ಲ. ಪರದೆಯನ್ನು ಒಳಗೆ ತೆಗೆದುಕೊಂಡರು. ನನ್ನನ್ನು ತೆಗೆದುಕೊಳ್ಳಲಿಲ್ಲ.

ಹತ್ತನೇ ತಾರೀಕಿನ ನನ್ನ ಕಾಗದ ನಿನಗೆ ಇನ್ನೂ ಮುಟ್ಟಿಲ್ಲವೆಂದು ಕಾಣುತ್ತದೆ. ಮುಟ್ಟಿದಾಗ ದಂಡೆಯಲ್ಲಿ ನಾನು ಯಾಕೆ ಮಾತಾಡಲಿಲ್ಲ ಎಂದು ತಿಳಿಯುತ್ತದೆ. ಇಲ್ಲಿ ಮತ್ತೆ ಬರೆಯಲಾರೆ. ಒಂದೇ ಮಾತು: ನನ್ನ ದನಿ ಕೇಳಿಸದ್ದು ನಿನ್ನ ಬಲಗಿವಿಯ ದೋಷವಲ್ಲ.

ಗ್ಯಾಲರಿಯ ಬಾಗಿಲಲ್ಲಿ ಕಾವಲುಗಾರ ತಡೆದ. ನಾನು ಬಾಯಿ ತೆರೆದೆ, ಗಾಳಿ ಬಂತು. ಅವನು ಪರದೆಯ ಗಂಟು ಮುಟ್ಟಿ ನೋಡಿ, ‘ಡೆಕೊರೇಷನ್ ಕಾ ಸಾಮಾನ್? ಜಲ್ದೀ ಜಾವೊ ಚಾಚಾ’ ಎಂದು ಒಳಗೆ ಬಿಟ್ಟ! ಹುಟ್ಟಿದ ಮೇಲೆ ಮೊದಲ ಸಲ ಮಾತಿಲ್ಲದೆ ಒಂದು ಪಾತ್ರ ಮಾಡಿದೆ. ಮೇಲಿನ ಕಂಬಿಗೆ ಪರದೆ ಮಡಿಚಿ ಕಟ್ಟಿ ಹಗ್ಗ ಕೈಗೆ ತೆಗೆದುಕೊಂಡೆ.

ಆಮೇಲೆ ನಿನ್ನನ್ನು ನೋಡಿದೆ. ಎಲ್ಲರಿಗಿಂತ ಮುಂದೆ, ಹಲ್ಲು ಕಚ್ಚಿ, ನೀರನ್ನು ಸೀಳಿಕೊಂಡು! ಜನ ಎದ್ದು ನಿಂತು ಕೂಗುತ್ತಿದ್ದರು. ನನ್ನ ಕೈಯೂ ಒಂದು ಗಳಿಗೆ ಚಪ್ಪಾಳೆಗೆ ಎದ್ದಿತು. ಆಗ ನಿನ್ನ ತಲೆ ಎಡಕ್ಕೆ ಒಮ್ಮೆ ವಾಲಿತು. ಜನರಿಗೆ ಅದು ಸವಾರಿಯ ಶೈಲಿ. ನನಗೆ ಗುರುಶಾಂತನ ಮೊಣಕಾಲು ಕಂಡಿತು.

ಅಲ್ಲಿಯೇ ಹಗ್ಗ ಬಿಡಬೇಕೆಂದು ಕೈ ಕಿತ್ತುಕೊಂಡಿತು. ಆದರೆ ನೀನು ತಿರುವಿಗೆ ಇಳಿದಿದ್ದೆ, ಎದುರಿಗೆ ಕಲ್ಲಿನ ದಂಡೆ. ಈಗ ಕೆಂಪು ಕಂಡು ಕೈಬಿಟ್ಟರೆ ಗಾಡಿ ನೇರ ಹೋಗಿ ಬಡಿಯುತ್ತದೆ ಎಂದು ನೀನೇ ಬರೆದಿದ್ದೆ. ಮಗಳು ಸಾಯಲು ಹೊರಟಿದ್ದಾಳೆ, ತಂದೆಯ ಕೈಯಲ್ಲಿ ಹಗ್ಗವಿದೆ, ತಂದೆ ಅದನ್ನು ಬಿಡುವಂತಿಲ್ಲ! ಇಂಥ ಪ್ರವೇಶವನ್ನು ಯಾವ ನಾಟಕದಲ್ಲೂ ನಾನು ಮಾಡಿಲ್ಲ. ದಾಟು, ದಾಟು ಎಂದು ಕೂಗಿದೆ. ಪಕ್ಕದಲ್ಲಿ ನಿಂತವನಿಗೂ ಕೇಳಲಿಲ್ಲ. ನೀನು ದಾಟಿದೆ. ಗಾಡಿಯ ಮೂತಿ ನೇರವಾಯಿತು. ಬಿಟ್ಟೆ.

ನಿನ್ನ ಥಾಯ್ಲೆಂಡನ್ನು ನಾನು ಕಿತ್ತುಕೊಂಡೆ. ಕ್ಷಮಿಸು ಎಂದು ಬರೆಯುವುದಿಲ್ಲ. ಇನ್ನೊಮ್ಮೆ ಆದರೂ ಅಲ್ಲಿಯೇ ಬಿಡುತ್ತೇನೆ.

ಎಲ್ಲಿಗೆ ಹೋಗುವುದೆಂದು ತಿಳಿಯದೆ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದೇನೆ. ಉತ್ತರ ಗುರುಶಾಂತನ ಹೆಸರಿಗೆ ಬರೆ. ಬರೆಯುವ ಮನಸ್ಸಿದ್ದರೆ.

ಅಪ್ಪ



ಕುಷಾಯಿಗೂಡ
27 ಫೆಬ್ರವರಿ 2024

ಅಪ್ಪಾ,

ನಿನ್ನ ಎರಡು ಪತ್ರವೂ ಬಂದವು. ಹತ್ತನೇ ತಾರೀಕಿನದು ಮೊದಲು ಬಂತು, ನಾನು ಬೈದು ಬರೆದ ಕಾಗದವನ್ನು ಡಬ್ಬಿಗೆ ಹಾಕಿ ಮನೆಗೆ ಬಂದ ಮೇಲೆ. ಓಡಿಹೋಗಿ ಟಪಾಲು ಡಬ್ಬಿಯ ಮುಂದೆ ನಿಂತೆ. ಒಳಗೆ ಕೈ ಹೋಗುವುದಿಲ್ಲ.

ನಿನ್ನ ದನಿಯ ಸಂಗತಿ ಗೊತ್ತಿದ್ದೂ ಹೇಳಲಿಲ್ಲವೆಂದು ಬಂಡೆಮ್ಮ ಚಿಗವ್ವನ ಜೊತೆಗೂ ಎಷ್ಟೋ ದಿನ ಮಾತು ಬಿಟ್ಟಿದ್ದೆ. ಸಿಟ್ಟು ಇನ್ನೂ ಇದೆ, ಸುಳ್ಳು ಹೇಳುವುದಿಲ್ಲ. ಬೆಳಿಗ್ಗೆ ಎದ್ದರೆ ಬಲಗೈಯ ಬೆರಳು ತಾನಾಗಿ ಒತ್ತಿಕೊಳ್ಳುತ್ತದೆ, ಹಿಡಿಕೆ ಇರುವುದಿಲ್ಲ. ಕೆರೆಯ ಕಡೆ ಹೋಗುವ ಬಸ್ಸು ಕಂಡರೆ ಮುಖ ತಿರುಗಿಸುತ್ತೇನೆ. ಮೊನ್ನೆ ಸೂರಜ್ ಬಂದು, ‘ಅಕ್ಕಾ, ತಿರುವಿನ ನಡುವೆ ಆ ಪರದೆ ಬಿದ್ದಿದ್ದರೆ?’ ಎಂದ. ಉತ್ತರ ಇಬ್ಬರಿಗೂ ಗೊತ್ತು.

ಮಾರ್ಚ್ ಆರಕ್ಕೆ ಕಿವಿಯ ಆಪರೇಷನ್. ತೂತು ಮುಚ್ಚುತ್ತಾರೆ. ಸ್ವಲ್ಪ ಕೇಳಬಹುದಂತೆ, ಕೇಳದೆಯೂ ಇರಬಹುದಂತೆ. ನೀರಿಗೆ ಮಾತ್ರ ಇನ್ನು ಇಳಿಯುವಂತಿಲ್ಲ. ಅದನ್ನು ಡಾಕ್ಟರು ಹೇಳುವಾಗ ತುಟಿ ನೋಡಲಿಲ್ಲ, ಕಿಟಕಿ ನೋಡಿದೆ.

ಆಪರೇಷನ್ನಿಗೆ ಮೊದಲು ಮನೆಯವರೊಬ್ಬರು ಸಹಿ ಹಾಕಬೇಕಂತೆ. ಚಿಗವ್ವ ಹೆಬ್ಬೆಟ್ಟು ಒತ್ತುತ್ತೇನೆ ಎಂದು ಸೀರೆ ಸರಿಮಾಡಿಕೊಂಡು ಹೊರಟೇ ನಿಂತಿದ್ದಳು. ಬೇಡ ಎಂದೆ. ನಮ್ಮಪ್ಪ ಬರುತ್ತಾನೆ ಎಂದೆ. ‘ಮಾತ ಬರಂಗಿಲ್ಲಲ್ಲ ಅಂವಗ, ಆಸ್ಪತ್ರ್ಯಾಗ ಏನಂತ ಕೇಳ್ತಾನ?’ ಎಂದಳು.

ಕೇಳುವುದು ಬೇಡ. ಇಲ್ಲಿಯವರೆಗೆ ಬಾ. ಹಾಸಿಗೆಯ ಪಕ್ಕದಲ್ಲಿ ಅಲ್ಲ, ಎದುರಿಗೆ ನಿಲ್ಲು, ಮಫ್ಲರ್ ಬಿಚ್ಚಿ. ಅಳದೆ ನಿನ್ನ ತುಟಿ ನೋಡುತ್ತೇನೆ. ಅವತ್ತು ದಂಡೆಯಲ್ಲಿ ಹೇಳಿದ್ದನ್ನು ಮತ್ತೊಮ್ಮೆ ಹೇಳು.

ಸಿರವಾರದಿಂದ ರಾಯಚೂರು, ಅಲ್ಲಿಂದ ಹೈದರಾಬಾದಿನ ಬಸ್ಸು. ಇಳಿಯುವ ಕಡೆ ನಾನೇ ನಿಂತಿರುತ್ತೇನೆ. ಬಸ್ಸು ಪೂರ್ತಿ ತಿರುಗಿ ನಿಲ್ಲುವ ತನಕ ಕಂಬಿ ಬಿಡಬೇಡ.

ಶಿವದೇವಿ